ಅಂಗನವಾಡಿ ಮಕ್ಕಳ ಹುಳುಕು ಹಲ್ಲು: ಒಂದೇ ಬೀದಿ, ಒಂದೇ ಊಟ, ಆದರೂ ಕೆಲವರಿಗೆ ಮಾತ್ರ ಯಾಕೆ?

ವಲಯ ಮೇಲ್ವಿಚಾರಕಿ (ಪ್ರಶ್ನೆ)

ಗೌರಿಬಿದನೂರು ಸುತ್ತಲಿನ ಅಂಗನವಾಡಿಗಳ ಬಗ್ಗೆ ಕೇಳುತ್ತಿದ್ದೇನೆ. ಎರಡೂವರೆಯಿಂದ ಐದು ವರ್ಷದ ಮಕ್ಕಳು. ತೂಕ ನೋಡುವ ದಿನ ಬಾಯಿ ತೆರೆಸಿದರೆ ಬಹಳ ಮಕ್ಕಳಿಗೆ ಮೇಲಿನ ನಾಲ್ಕು ಮುಂದಿನ ಹಲ್ಲು ಕಂದುಬಣ್ಣಕ್ಕೆ ತಿರುಗಿ ಮೋಟಾಗಿರುತ್ತವೆ. ಕೆಳಗಿನ ಮುಂದಿನ ಹಲ್ಲು ಮಾತ್ರ ಬೆಳ್ಳಗೇ ಇರುತ್ತವೆ. ಅದೇ ಬೀದಿಯ, ಅದೇ ಪಡಿತರ ತಿನ್ನುವ ಪಕ್ಕದ ಮನೆ ಮಗುವಿನ ಬಾಯಿ ಪೂರ್ತಿ ಚೆನ್ನಾಗಿರುತ್ತೆ.

ತಾಯಂದಿರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸದವರು. ಬೆಳಿಗ್ಗೆ ಏಳಕ್ಕೆಲ್ಲ ಟೆಂಪೊ ಹತ್ತುತ್ತಾರೆ, ಮಗು ಅಜ್ಜಿ ಕೈಲಿ. ತಾಯಂದಿರ ಸಭೆಯಲ್ಲಿ "ಎರಡು ಹೊತ್ತು ಹಲ್ಲುಜ್ಜಿಸಿ, ಚಾಕೊಲೇಟ್ ಕೊಡಬೇಡಿ" ಅಂತ ಹೇಳಿದರೆ ತಲೆಯಾಡಿಸುತ್ತಾರೆ, ಮನೆಯಲ್ಲಿ ಏನೂ ಬದಲಾಗಲ್ಲ. "ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ" ಅನ್ನೋದು ಅಜ್ಜಿಯರ ಮಾತು.

ನನಗೆ ಬೇಕಾದ ಉತ್ತರ ಇವು. ಈ ವ್ಯತ್ಯಾಸ ಎಲ್ಲಿಂದ ಬರುತ್ತೆ? ನಮ್ಮ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಇರುವಾಗ ಫ್ಲೋರೈಡ್ ಪೇಸ್ಟ್ ಕೊಡಬಹುದಾ? ಕೇಂದ್ರದಲ್ಲೇ ಹಲ್ಲುಜ್ಜಿಸಬಹುದಾ, ಒಬ್ಬರಿಂದೊಬ್ಬರಿಗೆ ಸೋಂಕು ಹರಡದ ಹಾಗೆ? ಈಗಾಗಲೇ ಹಾಳಾದ ಹಲ್ಲಿಗೆ ಏನು ದಾರಿ?

---

ಸಮುದಾಯ ದಂತ ಆರೋಗ್ಯ

ಮೇಲಿನ ಮುಂದಿನ ಹಲ್ಲು ಹಾಳಾಗಿ ಕೆಳಗಿನವು ಉಳಿದಿವೆ ಎಂದರೆ ಮೊದಲು ಅನುಮಾನಿಸಬೇಕಾದ್ದು ರಾತ್ರಿಯ ಬಾಟಲಿಯನ್ನು. ಮಗು ಚೀಪುವಾಗ ನಾಲಿಗೆ ಮುಂದೆ ಬಂದು ಕೆಳಗಿನ ಹಲ್ಲನ್ನು ಮುಚ್ಚುತ್ತದೆ, ನಾಲಿಗೆಯಡಿಯ ಗ್ರಂಥಿಗಳ ಜೊಲ್ಲು ಅಲ್ಲೇ ಹರಿಯುತ್ತದೆ. ಮೇಲಿನ ನಾಲ್ಕಕ್ಕೆ ಈ ಎರಡೂ ರಕ್ಷಣೆ ಇಲ್ಲ. ನಿದ್ದೆ ಹತ್ತಿದ ಮೇಲೆ ಜೊಲ್ಲು ಸುರಿಯುವುದೂ ನುಂಗುವುದೂ ತೀರಾ ಕಡಿಮೆಯಾಗುತ್ತದೆ, ಸಕ್ಕರೆ ಬೆರೆತ ಹಾಲು ಹಲ್ಲಿನ ಸುತ್ತ ನಿಂತೇ ಇರುತ್ತದೆ. ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಆಮ್ಲ ಮಾಡುತ್ತವೆ. ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗಲು ಶುರು. ಎಚ್ಚರವಿರುವ ಮಗುವಿನಲ್ಲಿ ಅದು ಮತ್ತೆ ಮೇಲೇರಲು ಅರ್ಧ ಗಂಟೆಯಷ್ಟು ಸಾಕು. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿದ ಮಗುವಿಗೆ ಆ ಬಿಡುವು ಸಿಗುವುದೇ ಇಲ್ಲ.

ಹಾಗಾಗಿ ಒಟ್ಟು ಎಷ್ಟು ಸಿಹಿ ಅನ್ನುವುದರ ಜೊತೆಗೆ ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ ಅನ್ನುವುದನ್ನೂ ಕೇಳಬೇಕು. ಮದುವೆಮನೆಯಲ್ಲಿ ಒಂದು ಹೋಳಿಗೆ ತಿಂದ ಮಗುವಿಗಿಂತ ಒಂದು ಬಿಸ್ಕತ್ತು ಪೊಟ್ಟಣವನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಕಡಿಯುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು. ಗ್ಲೂಕೋಸ್ ಬಿಸ್ಕತ್ತಿನ ತೂಕದಲ್ಲಿ ಸುಮಾರು ಕಾಲು ಭಾಗ ಸಕ್ಕರೆ. ಅದು ಚಹಾದಲ್ಲಿ ಅದ್ದಿ ಮೆತ್ತಗಾದರೆ ದವಡೆ ಹಲ್ಲಿನ ಸಂದಿಯಲ್ಲಿ ಅಂಟಿಕೊಂಡು ಕೂರುತ್ತದೆ. ಬೆಲ್ಲ ಹಾಕಿದ ರಾಗಿ ಸರಿ ಒಳ್ಳೆಯದು ಅಂದುಕೊಂಡು ಗಂಟೆಗೊಮ್ಮೆ ಕೊಡುವ ಮನೆಗಳಿವೆ. ಹಲ್ಲಿನ ಮಟ್ಟಿಗೆ ಬೆಲ್ಲ, ಜೇನು, ಕಲ್ಲುಸಕ್ಕರೆ ಎಲ್ಲವೂ ಸಕ್ಕರೆಯೇ. ಜೇನನ್ನಂತೂ ಒಂದು ವರ್ಷದೊಳಗಿನ ಮಗುವಿಗೆ ನೆಕ್ಕಿಸಲೇಬಾರದು, ಬಾಟುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ.

ಲೆಕ್ಕ ಹೀಗೆ. ಎರಡು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1000 ಕಿಲೊಕ್ಯಾಲರಿ ಬೇಕು. ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ 10%ಗಿಂತ ಕಡಿಮೆ ಇರಬೇಕು, 5%ಗಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. 5% ಅಂದರೆ 50 ಕಿಲೊಕ್ಯಾಲರಿ, ಅಂದರೆ ಹನ್ನೆರಡೂವರೆ ಗ್ರಾಂ, ಟೀ ಚಮಚದಲ್ಲಿ ಹೆಚ್ಚುಕಡಿಮೆ ಮೂರು. ದಿನಕ್ಕೆ ಮೂರು ಲೋಟ ಹಾಲಿಗೆ ಎರಡೆರಡು ಚಮಚ ಹಾಕಿದರೆ ಆರು ಚಮಚ ಆಯಿತು. ಬಿಸ್ಕತ್ತು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಈಗ "ಒಂದೇ ಬೀದಿ" ಪ್ರಶ್ನೆ. 2007ರಲ್ಲಿ ಫಿಶರ್-ಓವೆನ್ಸ್ ಮತ್ತು ಜೊತೆಗಾರರು ಮಕ್ಕಳ ಬಾಯಿಯ ಆರೋಗ್ಯಕ್ಕೆ ಒಂದು ಚೌಕಟ್ಟು ಕೊಟ್ಟರು. ಒಳಗಿನ ವೃತ್ತ ಮಗು, ಅದರ ಸುತ್ತ ಕುಟುಂಬ, ಅದರಾಚೆ ಸಮುದಾಯ, ಇವೆಲ್ಲ ಕಾಲದೊಂದಿಗೆ ಬದಲಾಗುತ್ತವೆ. ನಿಮ್ಮ ಬೀದಿಗೆ ಅದನ್ನು ಹಾಕಿ ನೋಡಿ. ಅಂಗಡಿ, ನೀರು, ಪಡಿತರ ಎರಡೂ ಮನೆಗೆ ಒಂದೇ, ನಿಜ. ಆದರೆ ಒಂದು ಮನೆಯಲ್ಲಿ ರಾತ್ರಿ ಹತ್ತಕ್ಕೆ ಮಗು ಅತ್ತರೆ ಎತ್ತಿಕೊಂಡು ಓಡಾಡಲು ಇನ್ನೊಂದು ಕೈ ಇದೆ. ಇನ್ನೊಂದು ಮನೆಯಲ್ಲಿ ತಾಯಿ ಐದಕ್ಕೆ ಎದ್ದು ಅಡುಗೆ ಮಾಡಿ ಏಳಕ್ಕೆ ಟೆಂಪೊ ಹತ್ತಬೇಕು, ಒಂದೇ ಕೋಣೆ, ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡಬಾರದು. ಅಲ್ಲಿ ಬಾಟಲಿ ಅನ್ನುವುದು ಆ ತಾಯಿಯ ಮೂರು ಗಂಟೆ ನಿದ್ದೆ. ಅವಳಿಗೆ "ಕೊಡಬೇಡಿ" ಅಂದರೆ ಆ ನಿದ್ದೆ ಬಿಟ್ಟುಬಿಡಿ ಅಂದಂತೆ. ಸಭೆಯ ಮಾತು ಮನೆಗೆ ಹೋಗದಿರುವುದು ಅಜ್ಞಾನದಿಂದಲ್ಲ. 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಕೊಠಡಿ ಇದ್ದರೂ ಕಿಕ್ಕಿರಿದ ಟೆಂಪೊದಲ್ಲಿ ಎರಡು ವರ್ಷದ ಮಗುವನ್ನು ಕರೆದೊಯ್ಯುವವರು ಯಾರು? ಇಂಥ ಕಾರಣಗಳೇ ಕೊನೆಗೆ ಹಲ್ಲಿನಲ್ಲಿ ಕಾಣುವುದು.

ಆದ್ದರಿಂದ ಬಾಟಲಿಯನ್ನು ಒಂದೇ ರಾತ್ರಿ ಕಿತ್ತುಕೊಳ್ಳುವ ಸಲಹೆ ಕೊಡಬೇಡಿ. ಹಂತಹಂತವಾಗಿ ಇಳಿಸಿ. ಮೊದಲ ವಾರ ಹಾಲಿನ ಅಳತೆ ಹಾಗೇ ಇರಲಿ, ಸಕ್ಕರೆ ಮಾತ್ರ ಎರಡು ಚಮಚದಿಂದ ಒಂದಕ್ಕೆ, ಆಮೇಲೆ ಅರ್ಧಕ್ಕೆ, ಆಮೇಲೆ ಸೊನ್ನೆಗೆ. ಎರಡನೇ ವಾರದಿಂದ 200 ಮಿಲಿ ಬಾಟಲಿಯಲ್ಲಿ 150 ಹಾಲು 50 ನೀರು ಮೂರು ರಾತ್ರಿ, ನಂತರ ಸಮಸಮ ಮೂರು ರಾತ್ರಿ, ನಂತರ 50 ಹಾಲು 150 ನೀರು, ಕೊನೆಗೆ ಬರೀ ನೀರು. ಬರೀ ನೀರಿನ ಬಾಟಲಿಯಲ್ಲಿ ಮಗುವಿಗೇ ಆಸಕ್ತಿ ಹೋಗುತ್ತದೆ. ಇಲ್ಲಿ ಎಡವುವುದು ಒಂದೇ ಕಡೆ: ರಾತ್ರಿ ಕಡಿಮೆ ಮಾಡಿದ ಹಾಲನ್ನು ಹಗಲಲ್ಲಿ ಕೊಡದೆ ಇರುವುದು. ಅದನ್ನು ಸಂಜೆ ಊಟದ ಜೊತೆ ಸ್ಟೀಲ್ ಲೋಟದಲ್ಲಿ, ಸಕ್ಕರೆ ಇಲ್ಲದೆ ಕೊಡಿಸಿ. ಇಲ್ಲದಿದ್ದರೆ ಮಗು ಹಸಿದು ಎದ್ದು ಅಳುತ್ತದೆ, ಮೂರನೇ ರಾತ್ರಿಗೆ ಬಾಟಲಿ ವಾಪಸ್.

ಎದೆಹಾಲಿನ ಬಗ್ಗೆ ದಯವಿಟ್ಟು ಗೊಂದಲ ಹುಟ್ಟಿಸಬೇಡಿ. ಒಂದು ವರ್ಷದವರೆಗೆ ಎದೆಹಾಲು ಹಲ್ಲಿಗೂ ಒಳ್ಳೆಯದೇ, ಎರಡು ವರ್ಷದವರೆಗೆ ಮುಂದುವರಿಸುವುದು ಸರಿಯಾದದ್ದೇ. ಹಲ್ಲು ಬಂದ ಮೇಲೆ ಮಲಗುವ ಮುಂಚೆ ಹಲ್ಲು ಶುಚಿ ಮಾಡಿರಬೇಕು, ವರ್ಷ ದಾಟಿದ ಮೇಲೆ ರಾತ್ರಿಯಿಡೀ ಚೀಪುತ್ತಲೇ ಇರುವುದನ್ನು ನಿಧಾನವಾಗಿ ತಗ್ಗಿಸಬೇಕು, ಅಷ್ಟೇ.

---

ಮಕ್ಕಳ ದಂತವೈದ್ಯ

ಮೇಲಿನವರು ಕುಟುಂಬದ ಮತ್ತು ಊರಿನ ಭಾಗ ಹೇಳಿದ್ದಾರೆ. ಮಗುವಿನದೇ ಆದ ಕಾರಣಗಳೂ ಇರುತ್ತವೆ.

ಹಾಲುಹಲ್ಲಿನ ಎನಾಮಲ್ ಗರ್ಭದಲ್ಲೇ, ನಾಲ್ಕನೇ ತಿಂಗಳ ಹೊತ್ತಿಗೆ ರೂಪುಗೊಳ್ಳಲು ಶುರುವಾಗಿ ಹುಟ್ಟಿದ ಮೊದಲ ವರ್ಷದೊಳಗೆ ಮುಗಿಯುತ್ತದೆ. ಅವಧಿಗೆ ಮುಂಚೆ ಹುಟ್ಟಿದ, ಕಡಿಮೆ ತೂಕದ ಮಕ್ಕಳಲ್ಲಿ ಎನಾಮಲ್ ತೆಳ್ಳಗೆ, ಒರಟಾಗಿ ಅಥವಾ ಗುಳಿಬಿದ್ದು ಬರುವುದು ಹೆಚ್ಚು. ಅಂಥ ಹಲ್ಲು ಅದೇ ಬಾಟಲಿಗೆ ಬೇಗ ಸೋಲುತ್ತದೆ. ತಾಯಿ ಕಾರ್ಡಿನಲ್ಲಿ ಜನನ ತೂಕ ಬರೆದೇ ಇರುತ್ತದೆ. 2.5 ಕಿಲೊಗಿಂತ ಕಡಿಮೆ ಇದ್ದವರನ್ನು ಹಲ್ಲಿನ ಲೆಕ್ಕದಲ್ಲೂ "ಹೆಚ್ಚು ಗಮನ" ಪಟ್ಟಿಗೆ ಸೇರಿಸಿ. ಪದೇಪದೇ ಸಿಹಿ ಸಿರಪ್ ಕುಡಿಯುವ ಮಕ್ಕಳು, ಬಾಯಲ್ಲಿ ಉಸಿರಾಡುವವರು, ತುತ್ತನ್ನು ಕೆನ್ನೆಯಲ್ಲಿ ಅರ್ಧ ಗಂಟೆ ಇಟ್ಟುಕೊಳ್ಳುವವರು, ಬ್ರಷ್ ಮುಟ್ಟಿದರೆ ತಡೆಯಲಾರದ ಆಟಿಸಂ ಇರುವ ಮಕ್ಕಳು, ಇವರೂ ಅದೇ ಪಟ್ಟಿಯವರು. ತಾಯಿಯ ಬಾಯಲ್ಲಿ ತೆರೆದ ಹುಳುಕುಗಳಿದ್ದರೆ ಮಗುವಿಗೂ ಅಪಾಯ ಜಾಸ್ತಿ, ಹುಳುಕಿನ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಅವಳ ಜೊಲ್ಲಿನಿಂದಲೇ ಬರುತ್ತವೆ. ಇದನ್ನು ಮುತ್ತಿಡಬೇಡಿ ಎಂದು ಹೇಳಲು ಬಳಸಬೇಡಿ. ಗರ್ಭಿಣಿಯ ಹಲ್ಲನ್ನು ನಾಲ್ಕರಿಂದ ಆರನೇ ತಿಂಗಳಲ್ಲಿ ಧೈರ್ಯವಾಗಿ ಚಿಕಿತ್ಸೆ ಮಾಡಿಸಬಹುದು ಎಂದು ಹೇಳಲು ಬಳಸಿ.

ನೋಡುವ ಕ್ರಮ: ಕಾರ್ಯಕರ್ತೆ ಮತ್ತು ತಾಯಿ ಅಥವಾ ಅಜ್ಜಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರಬೇಕು. ಮಗುವಿನ ಮುಖ ಅಜ್ಜಿಯ ಕಡೆ, ಕಾಲು ಅವಳ ಸೊಂಟದ ಎರಡು ಬದಿಗೆ. ನಿಧಾನವಾಗಿ ಹಿಂದಕ್ಕೆ ಒರಗಿಸಿದರೆ ತಲೆ ಕಾರ್ಯಕರ್ತೆಯ ತೊಡೆಯ ಮೇಲೆ ಬರುತ್ತದೆ. ಅಜ್ಜಿ ಕೈ ಹಿಡಿದಿರುತ್ತಾಳೆ, ಮಗುವಿಗೆ ಅವಳ ಮುಖ ಕಾಣುತ್ತಿರುತ್ತದೆ. ಬೆಳಕು ಕಿಟಕಿಯಿಂದ ಬಾಯಿಗೆ ಬೀಳಬೇಕು. ಬಾಯಿ ತೆರೆಸುವ ಮುಂಚೆಯೇ ಮೇಲ್ದುಟಿಯನ್ನು ಬೆರಳಿಂದ ಎತ್ತಿ ವಸಡಿನ ಅಂಚನ್ನು ನೋಡಿ. ಪಾಚಿಯನ್ನು ಹತ್ತಿಬಟ್ಟೆಯಲ್ಲಿ ಒರೆಸಿ ಒಣಗಿಸದೆ ನೋಡಿದರೆ ಮೊದಲ ಹಂತ ಕಾಣುವುದೇ ಇಲ್ಲ. ಆ ಮೊದಲ ಹಂತ ವಸಡಿಗೆ ಸಮಾನಾಂತರವಾಗಿ ಸುಣ್ಣದಂಥ ಬಿಳಿ ಗೆರೆ. ಹೊಳಪಿಲ್ಲದ ಬಿಳುಪು. ಈ ಹಂತದಲ್ಲಿ ಕೊರೆಯುವುದೂ ಬೇಡ, ತುಂಬುವುದೂ ಬೇಡ. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟ್, ಮೂರರಿಂದ ಆರು ತಿಂಗಳಿಗೊಮ್ಮೆ 5% ಸೋಡಿಯಂ ಫ್ಲೋರೈಡ್ ವಾರ್ನಿಶ್ (ಹಲ್ಲಿಗೆ ಸವರುವ ಲೇಪ) 0.25 ಮಿಲಿ ಹಚ್ಚಿದರೆ ಹಿಂದಿರುಗಬಲ್ಲದು. ನಿಮ್ಮ ಕಾರ್ಯಕರ್ತೆಯರು ಹುಡುಕಬೇಕಾದ್ದು ಈ ಗೆರೆಯನ್ನೇ, ಕಪ್ಪು ಮೋಟುಗಳು ಯಾರ ಕಣ್ಣಿಗಾದರೂ ಬೀಳುತ್ತವೆ. ಕಬ್ಬಿಣದ ಸಿರಪ್ ಕುಡಿಯುವ ಮಕ್ಕಳಲ್ಲಿ ಹಲ್ಲಿನ ಮೇಲೆ ಬರುವ ಕಪ್ಪು ಕಲೆ ಹುಳುಕಲ್ಲ. ಆ ಭಯಕ್ಕೆ ಸಿರಪ್ ನಿಲ್ಲಿಸಬಾರದು.

ಕುಳಿ ಬಿದ್ದು ನೋವಿಲ್ಲದ ಹಲ್ಲಿಗೆ ಇಂದು ಸುಲಭ ದಾರಿ ಇದೆ. 38% ಸಿಲ್ವರ್ ಡೈಅಮೀನ್ ಫ್ಲೋರೈಡ್ ದ್ರಾವಣ. ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ. ತುಟಿಗೂ ವಸಡಿಗೂ ವ್ಯಾಸಲೀನ್ ಸವರಿ, ಹಲ್ಲನ್ನು ಹತ್ತಿಯಿಂದ ಒಣಗಿಸಿ, ಸಣ್ಣ ಬ್ರಷ್ಷಿನಿಂದ ಒಂದು ನಿಮಿಷ ಹಚ್ಚುವುದು. ಒಂದು ಹನಿ ನಾಲ್ಕೈದು ಹಲ್ಲಿಗೆ ಸಾಕು. ಆರು ತಿಂಗಳಿಗೊಮ್ಮೆ ಹಚ್ಚಿದರೆ ಬಹುಪಾಲು ಕುಳಿಗಳು ಗಟ್ಟಿಯಾಗಿ ಅಲ್ಲಿಗೇ ನಿಲ್ಲುತ್ತವೆ. 2021ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು, ಫ್ಲೋರೈಡ್ ಪೇಸ್ಟ್ ಮತ್ತು ಕುಳಿ ತುಂಬುವ ಗ್ಲಾಸ್ ಅಯೊನೊಮರ್ ಸಿಮೆಂಟ್ ಜೊತೆಗೆ. ತೊಂದರೆ ಒಂದೇ, ಹುಳುಕಾದ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಇದನ್ನು ಮುಂಚೆಯೇ ಚಿತ್ರ ತೋರಿಸಿ ತಾಯಿ ತಂದೆಗೆ ಹೇಳದಿದ್ದರೆ ಶಿಬಿರದ ಮರುದಿನ ಊರಲ್ಲಿ ಜಗಳವಾಗುತ್ತದೆ, ಮುಂದಿನ ಶಿಬಿರಕ್ಕೆ ಮಕ್ಕಳೇ ಬರುವುದಿಲ್ಲ. ಚರ್ಮಕ್ಕೆ ತಾಗಿದ ಕಲೆ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಬೆಳ್ಳಿಯ ಅಲರ್ಜಿ ಇದ್ದರೆ, ನರ ತೆರೆದಿದ್ದರೆ, ರಾತ್ರಿ ನೋವಿದ್ದರೆ, ವಸಡಿನಲ್ಲಿ ಕೀವಿನ ಗುಳ್ಳೆ ಇದ್ದರೆ ಇದು ಆ ಹಲ್ಲಿಗಲ್ಲ.

ಅಜ್ಜಿಯರ ಮಾತಿಗೆ ಉತ್ತರ: ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ಹೌದು. ಆದರೆ ಹಿಂದಿನ ದವಡೆ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಅಗಿಯಬೇಕು. ಮೂರು ವರ್ಷಕ್ಕೆ ಹಾಳಾದರೆ ಎಂಟೊಂಬತ್ತು ವರ್ಷ ಆ ಮಗು ಒಂದೇ ಪಕ್ಕ ಅಗಿಯುತ್ತದೆ. ಬೇಗ ಕಿತ್ತರೆ ಹಿಂದಿನ ಹಲ್ಲು ಮುಂದೆ ಸರಿದು ಜಾಗ ಮುಚ್ಚುತ್ತದೆ, ಬೇರಿನ ಕೀವು ಕೆಳಗೆ ತಯಾರಾಗುತ್ತಿರುವ ಶಾಶ್ವತ ಹಲ್ಲಿನ ಎನಾಮಲನ್ನು ಕೆಡಿಸಬಲ್ಲದು. ಆರನೇ ವರ್ಷಕ್ಕೆ ಯಾವ ಹಲ್ಲೂ ಬೀಳದೆ ಎಲ್ಲಕ್ಕಿಂತ ಹಿಂದೆ ಹೊಸದೊಂದು ದವಡೆ ಹಲ್ಲು ಬರುತ್ತದೆ. ಅದು ಶಾಶ್ವತದ್ದು. ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲುಹಲ್ಲು ಎಂದೇ ಬಿಟ್ಟುಬಿಡುತ್ತಾರೆ.

---

ನೀರಿನ ಗುಣಮಟ್ಟ

ಫ್ಲೋರೈಡ್ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಚಿಕ್ಕಬಳ್ಳಾಪುರ, ಕೋಲಾರ, ಪಾವಗಡ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಇದನ್ನು ಮೀರುವುದು ಗೊತ್ತಿರುವ ಸಂಗತಿ. ಆದರೆ ಊರಿಂದ ಊರಿಗಲ್ಲ, ಬೋರಿಂದ ಬೋರಿಗೇ ಬೇರೆ ಇರುತ್ತದೆ. ನಿಮ್ಮ ಕೇಂದ್ರದ ನೀರನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಪ್ಲಾಸ್ಟಿಕ್ ಬಾಟಲಿಯಲ್ಲೇ ಕಳಿಸಿ, ಗಾಜು ಬೇಡ. ಎರಡು ಮಾದರಿ ಕಳಿಸಿ: ಕುಡಿಯುವ ನೀರು ಮತ್ತು ಅಡುಗೆಯ ನೀರು. ಹೆಚ್ಚಿನ ಕಡೆ ತಪ್ಪುವುದು ಇಲ್ಲೇ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್, ಅನ್ನ ಬೇಯಿಸಲು, ಬೇಳೆಗೆ, ಹಾಲಿನ ಪುಡಿ ಕಲಸಲು ಬೋರ್ ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ.

ಪೇಸ್ಟಿನ ಲೆಕ್ಕ. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಅಂದರೆ ಗ್ರಾಂಗೆ 1 ಮಿಲಿಗ್ರಾಂ. ಅಕ್ಕಿಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ, ಪೂರ್ತಿ ನುಂಗಿದರೂ 0.1 ಮಿಲಿಗ್ರಾಂ. ಬಟಾಣಿಯಷ್ಟು ಅಂದರೆ 0.25. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ, ಊಟದಲ್ಲಿ ಸೇರಿ, 2 ಮಿಲಿಗ್ರಾಂ. ಯಾವುದನ್ನು ಮೊದಲು ಸರಿಮಾಡಬೇಕು ಅನ್ನುವುದು ಇದರಲ್ಲೇ ಇದೆ. ಮೇಲಿನ ಶಾಶ್ವತ ಮುಂದಿನ ಹಲ್ಲಿಗೆ ಕಲೆ ಬೀಳುವ ಸೂಕ್ಷ್ಮ ಅವಧಿ ಸುಮಾರು 15ರಿಂದ 30 ತಿಂಗಳು. ಆ ವಯಸ್ಸಿನ ಮಕ್ಕಳಿರುವ ಮನೆಗೆ ಅಡುಗೆಗೂ ಘಟಕದ ನೀರು ಒಯ್ಯಲು ಹೇಳಿ.

ಫ್ಲೋರೋಸಿಸ್ (ಫ್ಲೋರೈಡ್ ಅತಿಯಾಗಿ ಹಲ್ಲಿಗೆ ಬೀಳುವ ಕಲೆ) ಇದ್ದರೆ ಹುಳುಕು ಬರುವುದಿಲ್ಲ ಎಂಬ ನಂಬಿಕೆ ತಪ್ಪು. ಒಂದೇ ಬಾಯಲ್ಲಿ ಎರಡೂ ಇರುತ್ತವೆ. ಪಾವಗಡದಂಥ ಕಡೆ ಆರು ವರ್ಷದವರೆಗೆ ಫ್ಲೋರೈಡ್ ಪೇಸ್ಟೇ ಬೇಡ ಎನ್ನುವ ವೈದ್ಯರಿದ್ದಾರೆ, ಅಕ್ಕಿಕಾಳಿನಷ್ಟಾದರೆ ಸರಿ ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ: ನೀರು 1.5ರೊಳಗಿದ್ದರೆ ಮೂರು ವರ್ಷದವರೆಗೆ ಅಕ್ಕಿಕಾಳು, ಮೂರರಿಂದ ಆರಕ್ಕೆ ಬಟಾಣಿ. ಮೀರಿದ್ದರೆ ಆರರವರೆಗೂ ಅಕ್ಕಿಕಾಳೇ ಇರಲಿ, ದೊಡ್ಡವರೇ ಹಾಕಿಕೊಡಲಿ, ನೀರು ಬದಲಾಗುವವರೆಗೆ ವಾರ್ನಿಶ್ ಬಗ್ಗೆ ದಂತವೈದ್ಯರು ನಿರ್ಧರಿಸಲಿ. ಟ್ಯೂಬನ್ನು ಮಾತ್ರ ಮಗುವಿಗೆ ಎಟುಕದ ಕಡೆ ಇಡಿ. 10 ಕಿಲೊ ತೂಕದ ಮಗುವಿಗೆ 50 ಮಿಲಿಗ್ರಾಂ ಫ್ಲೋರೈಡ್ ಒಮ್ಮೆಗೇ ಹೊಟ್ಟೆಗೆ ಹೋದರೆ ಆಸ್ಪತ್ರೆ ಬೇಕಾಗುತ್ತದೆ. ಸಿಹಿ ರುಚಿಯ 100 ಗ್ರಾಂ ಟ್ಯೂಬಿನಲ್ಲಿ ಅದರ ಎರಡರಷ್ಟು ಇರಬಹುದು.

---

ಅಂಗನವಾಡಿ ತರಬೇತಿ

ಕೇಂದ್ರದಲ್ಲಿ ಹಲ್ಲುಜ್ಜಿಸಬಹುದು, ಖಂಡಿತ ಮಾಡಿ. ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಆಗದ ಕೆಲಸ ಹನ್ನೊಂದಕ್ಕೆ ಕೇಂದ್ರದಲ್ಲಿ ಆಗುತ್ತದೆ, ತಾಯಿಯ ಪಾಳಿಗೂ ಇದಕ್ಕೂ ಸಂಬಂಧವೇ ಬೇಡ. ಸ್ಕಾಟ್ಲೆಂಡಿನಲ್ಲಿ ಚೈಲ್ಡ್‌ಸ್ಮೈಲ್ ಎಂಬ ಕಾರ್ಯಕ್ರಮ ಶಿಶುವಿಹಾರಗಳಲ್ಲಿ ದಿನಕ್ಕೊಮ್ಮೆ ಮೇಲ್ವಿಚಾರಣೆಯಲ್ಲಿ ಹಲ್ಲುಜ್ಜಿಸುವುದನ್ನು ದೇಶವ್ಯಾಪಿ ಮಾಡಿತು. ಅಲ್ಲಿ ಕಣ್ಣಿಗೆ ಕಾಣುವ ಹುಳುಕಿಲ್ಲದ ಐದು ವರ್ಷದ ಮಕ್ಕಳ ಪ್ರಮಾಣ 2003ರಲ್ಲಿ 45% ಇದ್ದದ್ದು 2018ರಲ್ಲಿ 71%ಗೆ ಏರಿತು. ಅವರ ನಿಯಮಗಳಲ್ಲಿ ಹೆಚ್ಚಿನವನ್ನು ನಮ್ಮ ಕೇಂದ್ರಕ್ಕೆ ಹೊಂದಿಸಬಹುದು.

ಬೇಕಾಗುವ ಸಾಮಾನು: ಮಗುವಿಗೊಂದು ಸಣ್ಣ ತಲೆಯ ಮೆದು ಬ್ರಷ್, ದೊಡ್ಡವರ ಸಾಮಾನ್ಯ ಫ್ಲೋರೈಡ್ ಪೇಸ್ಟ್, ಒಂದು ಸ್ಟೀಲ್ ತಟ್ಟೆ, ಬ್ರಷ್ ನಿಲ್ಲಿಸುವ ಹಲಗೆ, ಒರೆಸಲು ಹಳೆ ಬಟ್ಟೆಯ ತುಂಡುಗಳು. "ಮಕ್ಕಳ ಪೇಸ್ಟ್" ಎಂದು ಮಾರುವ ಹಲವು ಟ್ಯೂಬುಗಳಲ್ಲಿ ಫ್ಲೋರೈಡ್ ಅರ್ಧದಷ್ಟು ಮಾತ್ರ ಅಥವಾ ಇಲ್ಲವೇ ಇಲ್ಲ. ಗಿಡಮೂಲಿಕೆ ಪೇಸ್ಟುಗಳಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಟ್ಯೂಬಿನ ಹಿಂದೆ ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಎಂಬ ಹೆಸರು, ಪಿಪಿಎಂ ಅಂಕಿ, ಮುಗಿಯುವ ದಿನಾಂಕ ಮೂರನ್ನೂ ನೋಡಿ. ಕೆಂಪು ಹಲ್ಲುಪುಡಿ, ಇದ್ದಿಲು, ಇಟ್ಟಿಗೆ ಪುಡಿ ಎನಾಮಲ್ ಉಜ್ಜಿ ಸವೆಸುತ್ತವೆ, ಕೇಂದ್ರಕ್ಕೆ ತರಲೇಬೇಡಿ.

ಹಲಗೆಗೆ ಎರಡು ಅಂಗುಲ ಅಂತರದಲ್ಲಿ ತೂತು ಕೊರೆಸಿ, ಪ್ರತಿ ತೂತಿನ ಪಕ್ಕ ಮಗುವಿನ ಗುರುತಿನ ಚಿತ್ರ ಅಂಟಿಸಿ: ಎಲೆ, ಮೀನು, ಚಂದ್ರ. ಓದು ಬಾರದ ಮಗು ತನ್ನ ಮೀನನ್ನು ತಾನೇ ಗುರುತಿಸುತ್ತದೆ. ಅದೇ ಚಿತ್ರ ಬ್ರಷ್ಷಿನ ಹಿಡಿಯ ಮೇಲೂ ಇರಲಿ. ಬ್ರಷ್ ತಲೆ ಮೇಲೆ, ಒಂದಕ್ಕೊಂದು ತಾಗದಂತೆ, ಗಾಳಿಯಾಡುವಂತೆ ಇಡಬೇಕು. ಎಲ್ಲ ಬ್ರಷ್ಷನ್ನೂ ಒಂದೇ ಲೋಟದಲ್ಲಿ ನಿಲ್ಲಿಸುವುದು, ಒದ್ದೆ ಬ್ರಷ್ಷಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ ಮುಚ್ಚುವುದು, ಈ ಎರಡರಿಂದಲೂ ಸೋಂಕು ಹರಡಬಹುದು.

ಕೈ ತೊಳೆದ ಕಾರ್ಯಕರ್ತೆ ತಟ್ಟೆಯ ಅಂಚಿನ ಸುತ್ತ ಮಕ್ಕಳ ಸಂಖ್ಯೆಯಷ್ಟು ಅಕ್ಕಿಕಾಳು ಅಥವಾ ಬಟಾಣಿ ಗಾತ್ರದ ಪೇಸ್ಟ್ ಚುಕ್ಕಿ ಇಡಬೇಕು. ಪ್ರತಿ ಬ್ರಷ್ ತನ್ನ ಚುಕ್ಕಿಯನ್ನಷ್ಟೇ ತೆಗೆದುಕೊಳ್ಳಬೇಕು. ಟ್ಯೂಬಿನ ಬಾಯಿ ಯಾವ ಬ್ರಷ್ಷಿಗೂ ಮುಟ್ಟಬಾರದು. ಬ್ರಷ್ಷನ್ನು ಮೊದಲೇ ನೀರಲ್ಲಿ ಅದ್ದುವುದು ಬೇಡ, ನೊರೆ ಜಾಸ್ತಿಯಾಗಿ ಮಗು ಬೇಗ ಉಗಿದುಬಿಡುತ್ತದೆ. ಐದೈದು ಮಕ್ಕಳ ಗುಂಪು, ನೆಲದ ಮೇಲೆ ಕೂತೇ ಉಜ್ಜಲಿ. ಬ್ರಷ್ ಬಾಯಲ್ಲಿಟ್ಟುಕೊಂಡು ಓಡಿದ ಮಗು ಬಿದ್ದರೆ ಅಂಗುಳಿಗೆ ಚುಚ್ಚುತ್ತದೆ. ಎರಡು ನಿಮಿಷದ ಒಂದು ಶಿಶುಗೀತೆ ಮುಗಿಯುವವರೆಗೆ: ಮೊದಲು ಹಿಂದಿನ ಹಲ್ಲಿನ ಅಗಿಯುವ ಮೇಲ್ಭಾಗ, ಆಮೇಲೆ ಹೊರಬದಿ, ಒಳಬದಿ, ಕೊನೆಗೆ ಮುಂದಿನವು. ಮಕ್ಕಳು ಮುಂದಿನ ಹಲ್ಲಿನಿಂದ ಶುರುಮಾಡಿ ಅಲ್ಲೇ ಮುಗಿಸುತ್ತಾರೆ, ಅದಕ್ಕೇ ಈ ಉಲ್ಟಾ ಕ್ರಮ. ಮೂರು ವರ್ಷದೊಳಗಿನವರಿಗೆ ಕೊನೆಯ ಅರ್ಧ ನಿಮಿಷ ದೊಡ್ಡವರ ಕೈಯೇ ಉಜ್ಜಬೇಕು, ಮಗುವಿನ ಹಿಂದೆ ನಿಂತು ಗಲ್ಲ ಹಿಡಿದು.

ಆಮೇಲೆ ಉಗಿಯಲಿ, ಬಾಯಿ ಮುಕ್ಕಳಿಸಬೇಡಿ. ಎಲ್ಲರೂ ತಪ್ಪುವುದು ಇದರಲ್ಲೇ. ಲೋಟ ನೀರಿನಲ್ಲಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ನಿಲ್ಲಬೇಕಾದ ಫ್ಲೋರೈಡ್ ಮೋರಿಗೆ ಹೋಗುತ್ತದೆ. ಬಟ್ಟೆಯಲ್ಲಿ ತುಟಿ ಒರೆಸಿದರೆ ಸಾಕು. ಬ್ರಷ್ಷುಗಳನ್ನು ಒಂದೊಂದಾಗಿ ಹರಿಯುವ ನೀರಲ್ಲಿ ತೊಳೆದು ಜಾಡಿಸಿ ಹಲಗೆಗೆ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಮೇಲಿಂದ ಸುರಿಯಿರಿ, ಬಕೆಟ್ಟಿಗೆ ಎಲ್ಲವನ್ನೂ ಅದ್ದಬೇಡಿ. ಬಾಯಿಹುಣ್ಣು, ಜ್ವರ, ತುಟಿಯ ಮೇಲೆ ಗುಳ್ಳೆ ಇರುವ ಮಗುವಿಗೆ ಆ ದಿನ ಬೇಡ. ಬ್ರಷ್ ನೆಲಕ್ಕೆ ಬಿದ್ದರೆ ಅಥವಾ ಇನ್ನೊಂದು ಮಗು ಬಾಯಿಗೆ ಹಾಕಿಕೊಂಡರೆ ಎಸೆದು ಹೊಸದು ಕೊಡಿ. ಹಾಗಾಗಿ ನಾಲ್ಕೈದು ಹೆಚ್ಚುವರಿ ಇರಲಿ. ಕೂದಲು ಹರಡಿದ ತಕ್ಷಣ, ಇಲ್ಲವೇ ಮೂರು ತಿಂಗಳಿಗೊಮ್ಮೆ ಬದಲಿಸಿ.

ಖರ್ಚು: 20 ಮಕ್ಕಳು, ತಿಂಗಳಿಗೆ 25 ದಿನ, 0.25 ಗ್ರಾಂ ಎಂದರೆ 125 ಗ್ರಾಂ ಪೇಸ್ಟ್. ತಿಂಗಳಿಗೆ ಒಂದು 150 ಗ್ರಾಂ ಟ್ಯೂಬು ಸಾಕು. ಬಾಲವಿಕಾಸ ಸಮಿತಿಯಲ್ಲಿ ಗೊತ್ತುವಳಿ ಮಾಡಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಮುಕ್ತ ನಿಧಿಯಿಂದಲೂ ಕೇಳಬಹುದು. ಕಾರ್ಖಾನೆಯ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಕೇಳಲು ಸಂಕೋಚ ಬೇಡ, ಅಲ್ಲಿ ದುಡಿಯುವ ತಾಯಂದಿರ ಮಕ್ಕಳೇ ಇವರು. ಪಂಚಾಯಿತಿಯ ಕೂಸಿನ ಮನೆಗಳಲ್ಲೂ ಇದೇ ಕ್ರಮ ನಡೆಯುತ್ತದೆ, ಅಲ್ಲಿ ಮಕ್ಕಳು ಚಿಕ್ಕವರಾದ್ದರಿಂದ ಅಕ್ಕಿಕಾಳಿನ ಅಳತೆ.

ಇನ್ನೊಂದು ಮಾತು. ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ ಉಜ್ಜಿಸಿ, ಮುಂಚೆ ಅಲ್ಲ. ಸಕ್ಕರೆ ಬೆರೆಸುವ ಕೇಂದ್ರಗಳಲ್ಲಿ ಇದು ಇನ್ನೂ ಮುಖ್ಯ.

---

ವಲಯ ಮೇಲ್ವಿಚಾರಕಿ

ತುಂಬ ಉಪಯೋಗವಾಯಿತು. ಹಲಗೆಯ ಕೆಲಸ ಎರಡು ಕೇಂದ್ರಗಳಲ್ಲಿ ಮೊದಲು ಮಾಡಿಸುತ್ತೇವೆ. ಉಳಿದದ್ದು ಅಜ್ಜಿಯರ ವಿಷಯ. ಮಗು ಅತ್ತಾಗ ಅಂಗಡಿಯ ಐದು ರೂಪಾಯಿ ಪೊಟ್ಟಣ ಬಿಟ್ಟರೆ ಅವರ ಕೈಲಿ ಬೇರೇನಿದೆ? ಮತ್ತೆ, ಮಗುವಿಗೆ ನೋವಿದೆ ಅಂತ ಗೊತ್ತಾಗೋದು ಹೇಗೆ? ಈ ವಯಸ್ಸಿನವರು ಹೇಳಲ್ಲ.

---

ಸಮುದಾಯ ದಂತ ಆರೋಗ್ಯ

ಅಜ್ಜಿಯರನ್ನು ತಾಯಂದಿರ ಸಭೆಗೆ ಕರೆಯುವುದಲ್ಲ, ಸಭೆಯನ್ನೇ ಅವರ ಹೊತ್ತಿಗೆ ಇಡಿ. ಮಗುವನ್ನು ಬಿಡಲು ಬಂದಾಗ ಹತ್ತು ನಿಮಿಷ. ತಾಯಿಯನ್ನು ಬೈಯುವ ಒಂದು ಮಾತೂ ಅಲ್ಲಿ ಬರಬಾರದು. ನಾಚಿಕೆಯಾದ ಮನೆ ಮಗುವಿನ ಬಾಯನ್ನು ಮುಚ್ಚಿಡುತ್ತದೆ, ತೋರಿಸುವುದಿಲ್ಲ.

ಕೊಡಬೇಡಿ ಎನ್ನುವ ಬದಲು ಜಾಗ ಬದಲಿಸಿ. ಬಿಸ್ಕತ್ತು ಕೊಡಲೇಬೇಕೆಂದರೆ ಊಟದ ಜೊತೆಗೇ ಒಮ್ಮೆಗೆ ಕೊಟ್ಟು ಮುಗಿಸಲಿ, ನಡುವೆ ಬೇಡ. ನಡುವಿನ ಎರಡು ಹೊತ್ತಿಗೆ ಮನೆಯಲ್ಲಿರುವುದೇ ಸಾಕು: ಬಾಳೆಹಣ್ಣು, ಸೌತೆಕಾಯಿ, ಬೆಂದ ಗೆಣಸು, ಮೊಸರು, ರೊಟ್ಟಿ ಚೂರು, ಮೊಟ್ಟೆ. ನಾಲ್ಕು ವರ್ಷದೊಳಗಿನವರಿಗೆ ಕಡಲೆಕಾಯಿ ಬೀಜವನ್ನು ಇಡಿಯಾಗಿ ಕೊಡಬಾರದು, ಗಂಟಲಿಗೆ ಸಿಕ್ಕುತ್ತದೆ. ಕುಟ್ಟಿ ಪುಡಿಮಾಡಿ ಕೊಡಬಹುದು. ಚಹಾ ಈ ವಯಸ್ಸಿಗೆ ಬೇಡವೇ ಬೇಡ. ಸಕ್ಕರೆಯ ಜೊತೆಗೆ, ಅದು ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಅತ್ತಾಗಲೆಲ್ಲ ಪೊಟ್ಟಣ ಸಿಕ್ಕರೆ ಮಗು ಪೊಟ್ಟಣಕ್ಕಾಗಿ ಅಳಲು ಕಲಿಯುತ್ತದೆ. ಅಜ್ಜಿಯರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಆ ಅಳು ಕೇಳುವವರು ಅವರೇ.

---

ಮಕ್ಕಳ ದಂತವೈದ್ಯ

ನೋವಿನ ಗುರುತುಗಳು: ಒಂದೇ ಪಕ್ಕ ಅಗಿಯುವುದು, ಗಟ್ಟಿ ರೊಟ್ಟಿ ಬಿಟ್ಟು ಅನ್ನ ಹಾಲಷ್ಟೇ ಕೇಳುವುದು, ತಣ್ಣೀರು ಕುಡಿಯುವಾಗ ಮುಖ ಹಿಂಡುವುದು, ಹಲ್ಲುಜ್ಜುವಾಗ ಒಂದು ಜಾಗ ಮುಟ್ಟಿದರೆ ಕೈ ತಳ್ಳುವುದು, ರಾತ್ರಿ ಎದ್ದು ಅಳುವುದು, ಹಗಲು ಕೆನ್ನೆ ಹಿಡಿದು ಸುಮ್ಮನೆ ಕೂರುವುದು, ನಗುವಾಗ ಕೈ ಅಡ್ಡ ಹಿಡಿಯುವುದು. ತೂಕದ ಗೆರೆ ಎರಡು ತಿಂಗಳು ಮೇಲೇರದ ಮಗುವಿನ ಬಾಯಿಯನ್ನು ತಪ್ಪದೆ ನೋಡಿ. ಹಟಮಾರಿ ಎನಿಸಿಕೊಂಡ ಎಷ್ಟೋ ಮಕ್ಕಳು ಸರಿಯಾಗಿ ನಿದ್ದೆ ಮಾಡದ ಮಕ್ಕಳು. ಅಧ್ಯಯನಗಳಲ್ಲಿ ಬಳಸುವ 13 ಪ್ರಶ್ನೆಗಳ ಒಂದು ಮಾಪನವಿದೆ. ಅದರಲ್ಲಿ ಒಂಬತ್ತು ಪ್ರಶ್ನೆ ಮಗುವಿನ ನೋವು, ಊಟ, ಮಾತು, ನಿದ್ದೆ, ನಗುವಿನ ಬಗ್ಗೆ, ನಾಲ್ಕು ಮನೆಯವರ ಬೇಸರ, ಅಪರಾಧ ಭಾವ, ಕೆಲಸ ತಪ್ಪಿದ್ದು, ಖರ್ಚಿನ ಬಗ್ಗೆ. ಒಂದು ದಿನ ರಜೆ ಹಾಕಿದರೆ ಹಾಜರಿ ಭತ್ಯೆ ಕಳೆದುಕೊಳ್ಳುವ ತಾಯಿಗೆ ಆ ಕೊನೆಯ ಎರಡು ಪ್ರಶ್ನೆ ಎಷ್ಟು ಭಾರ ಎಂದು ಬೇರೆ ಹೇಳಬೇಕಿಲ್ಲ. ಆಸ್ಪತ್ರೆಗೆ ಕಳಿಸುವಾಗ ವಾರದ ರಜೆಯ ದಿನಕ್ಕೆ ಹೊಂದಿಸಲು ನೋಡಿ.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ್ದು: ಜ್ವರದ ಜೊತೆ ಕೆನ್ನೆ ಊತ, ಕಣ್ಣು ಮುಚ್ಚುವಷ್ಟು ಊತ, ದವಡೆಯ ಅಡಿ ಗಟ್ಟಿ ಊತ, ನುಂಗಲು ಕಷ್ಟ, ಬಾಯಿ ತೆರೆಯಲಾಗದಿರುವುದು. ಬಿಸಿ ಶಾಖ ಕೊಡಬೇಡಿ. ನೋವಿಗೆ ಪ್ಯಾರಸಿಟಮಾಲ್, ಕಿಲೊ ತೂಕಕ್ಕೆ ಒಮ್ಮೆಗೆ 15 ಮಿಲಿಗ್ರಾಂ ಮೀರದಂತೆ, ಆರು ಗಂಟೆಗೊಮ್ಮೆ. ಸಿರಪ್ಪುಗಳು 5 ಮಿಲಿಗೆ 120, 125, 250 ಮಿಲಿಗ್ರಾಂ ಎಂದು ಬೇರೆಬೇರೆ ಸಾಮರ್ಥ್ಯದಲ್ಲಿ ಬರುತ್ತವೆ. ಬಾಟಲಿ ಬದಲಾದಾಗ ಮುಚ್ಚಳದ ಅಳತೆ ಹಾಗೇ ಉಳಿಯುವುದರಿಂದಲೇ ಅತಿಯಾಗುವುದು. ಆಸ್ಪಿರಿನ್ ಕೊಡಬಾರದು. ಲವಂಗದ ಎಣ್ಣೆ, ಕರ್ಪೂರ, ಹೊಗೆಸೊಪ್ಪು ವಸಡಿಗೆ ಇಟ್ಟರೆ ಸುಡುತ್ತದೆ, ಹೊಟ್ಟೆಗೆ ಹೋದರೆ ವಿಷ.

ಉಳಿದವರಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೇ ದಾರಿ. 2013ರಿಂದ ಇರುವ ಈ ಕಾರ್ಯಕ್ರಮದಲ್ಲಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ಹಲ್ಲಿನ ತೊಂದರೆ ಅವರ ಪಟ್ಟಿಯಲ್ಲೇ ಇದೆ. ಅವರು ಬರುವ ಮುಂಚೆ ನಿಮ್ಮ ಪುಸ್ತಕದಲ್ಲಿ ಪ್ರತಿ ಮಗುವಿನ ಮುಂದೆ ಒಂದೇ ಅಕ್ಷರ ಬರೆದಿಡಿ: ಬಿಳಿ ಗೆರೆಗೆ ಬಿ, ನೋವಿಲ್ಲದ ಕುಳಿಗೆ ಕು, ನೋವು ಅಥವಾ ಕೀವಿಗೆ ನೋ. ಪಕ್ಕದಲ್ಲಿ ದಿನಾಂಕ. "ನೋ" ಇರುವವರನ್ನು ತಂಡಕ್ಕೆ ಕಾಯದೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಕಳಿಸಿ. ಹೆಚ್ಚು ಹಲ್ಲು ಹಾಳಾಗಿ ಅರಿವಳಿಕೆಯಲ್ಲಿ ಚಿಕಿತ್ಸೆ ಬೇಕಾದವರಿಗೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿದೆ. ದಂತ ಕಾಲೇಜುಗಳ ಸಮುದಾಯ ದಂತ ವಿಭಾಗಗಳು ಶಿಬಿರಕ್ಕೆ ಹಳ್ಳಿಗೇ ಬರುತ್ತವೆ. ಪತ್ರದಲ್ಲಿ ಬಿ, ಕು, ನೋ ಸಂಖ್ಯೆಗಳನ್ನು ಬರೆದು ಕಳಿಸಿದರೆ ಎಷ್ಟು ವಾರ್ನಿಶ್, ಎಷ್ಟು ಸಿಲ್ವರ್ ದ್ರಾವಣ ತರಬೇಕೆಂದು ಅವರಿಗೆ ತಿಳಿಯುತ್ತದೆ. ಆರು ತಿಂಗಳ ನಂತರ ಎರಡನೇ ಸಲ ಹಚ್ಚಲು ಬರುವ ದಿನಾಂಕವನ್ನು ಮೊದಲ ಶಿಬಿರದ ದಿನವೇ ಬರೆಸಿಕೊಳ್ಳಿ.